ಹಂದಿಗಳಿಗೆ ಜೋಳ ಹಾಕಿದ್ದಕ್ಕೆ ಕಾರಣ

ಮಾರ್ಚ್ ೩, ಸೋಮವಾರ

ಇಲಾಖೆ ಕೊಟ್ಟ ಡೈರಿಯಲ್ಲಿ ಸ್ವಂತ ವಿಷಯ ಬರೆಯಬಾರದು ಅಂತ ಎಲ್ಲೂ ನಿಯಮವಿಲ್ಲ. ಹುಡುಕಿ ನೋಡಿದೆ. ಆದ್ದರಿಂದ ಬರೆಯುತ್ತಿದ್ದೇನೆ.

ಹೊರಜಾತಿ ಕಾಡುಹಂದಿ ನಿಯಂತ್ರಣ ಕಾಯ್ದೆ ಮೊನ್ನೆ ಒಂದನೇ ತಾರೀಖಿನಿಂದ ಜಾರಿ. ಯಾರೋ ಬೇಟೆಯ ಶೋಕಿಗೆ ಎಲ್ಲಿಂದಲೋ ತಂದು ಬಿಟ್ಟ ನಾಲ್ಕು ಹಂದಿ ಮೂವತ್ತು ವರ್ಷದಲ್ಲಿ ನಾಲ್ಕು ಸಾವಿರವಾಗಿವೆ. ಹೊಲ, ತೋಟ, ಕೆರೆ ಏರಿ ಯಾವುದನ್ನೂ ಬಿಟ್ಟಿಲ್ಲ. ಇನ್ನು ಮೇಲೆ ಖಾಸಗಿ ಜಮೀನಿನಲ್ಲಿ ಹಂದಿ ಇದ್ದರೆ ಅದು ಒಡೆಯರ ತಲೆನೋವು. ನಾಲ್ಕನೇ ಕಲಂ: ಮೂವತ್ತು ದಿನದೊಳಗೆ ತಾವೇ ಹಿಡಿಸಬೇಕು, ಇಲ್ಲವೇ ಇಲಾಖೆಗೆ ಒಪ್ಪಿಗೆ ಬರೆದುಕೊಡಬೇಕು. ಏಳನೇ ಕಲಂ: ಒಪ್ಪದಿದ್ದರೆ ನಲವತ್ತೆಂಟು ಗಂಟೆ ಮೊದಲು ತಿಳಿಸಿ ನಾವೇ ಒಳಗೆ ಹೋಗಬಹುದು. ಒಂಬತ್ತನೇ ಕಲಂ: ಸಾಕುವುದು, ಸಾಗಿಸುವುದು, ಮೇವು ಹಾಕುವುದು ಅಪರಾಧ.

ನನ್ನ ಪಾಲಿಗೆ ಅರವತ್ತೊಂದು ನೋಟೀಸು. ಮೊದಲನೆಯದು ಜೋಳದಮ್ಮನಿಗೆ. ಹತ್ತು ಎಕರೆಯಲ್ಲೂ ಮೆಕ್ಕೆಜೋಳವನ್ನೇ ಬಿತ್ತುವ ಗಟ್ಟಿ ಹೆಂಗಸು, ಅರವತ್ತರ ಮೇಲಿದ್ದಾಳೆ, ಅಣ್ಣನ ಪಕ್ಕದ ಹೊಲ. ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಚೆನ್ನಾಗಿದೆ ಕಣಮ್ಮ. ಹಂದಿಗಳಿಗೂ ಒಂದೊಂದು ಪ್ರತಿ ಕೊಟ್ಟಿದ್ದೀರಾ?" ಅಂದಳು. ನಗು ಬಂತು. ನಗದೆ ಸಹಿ ಮಾಡಿಸಿಕೊಂಡೆ.

ಅಣ್ಣನ ನೋಟೀಸು ಚೀಲದ ಅಡಿಯಲ್ಲಿತ್ತು. ಹೊತ್ತಾಗಿತ್ತು, ನಾಳೆ ಕೊಟ್ಟರಾಯಿತು.

ಮಾರ್ಚ್ ೮, ಶನಿವಾರ

ಅಣ್ಣನಿಗೆ ಕೊಟ್ಟೆ. ತೆಗೆದುಕೊಂಡ. ಸಹಿ ಹಾಕಲಿಲ್ಲ.

ಜೇನುಪೆಟ್ಟಿಗೆಗೆ ಹಲಗೆ ಉಜ್ಜುತ್ತಿದ್ದ. ಅಂಗಳದ ತುಂಬ ಮರದ ಹೊಟ್ಟು. ತಲೆ ಎತ್ತದೆ, "ನನ್ನ ಜಮೀನಲ್ಲಿ ಹಂದಿ ಇಲ್ಲ ಪುಟ್ಟೀ" ಅಂದ.

"ಅಣ್ಣ, ಬೇಲಿ ಪಕ್ಕದ ಮರಗಳಿಗೆಲ್ಲ ಸೊಂಟದೆತ್ತರ ಕೆಸರು ಉಜ್ಜಿದೆ. ಮತ್ತೆ ಯಾರು ಬೆನ್ನು ಕೆರೆದುಕೊಂಡಿದ್ದು, ನೀನಾ?"

ಬೇರೆ ದಿನವಾಗಿದ್ದರೆ ನಗುತ್ತಿದ್ದ. "ಯಾರೂ ಒಳಗೆ ಬರೋದು ಬೇಡ. ಗಾಡಿ, ಬಂದೂಕು, ಬೂಟುಕಾಲಿನ ಜನ, ಏನೂ ಬೇಡ" ಅಂದ.

"ಕಾನೂನು ನಂಗೊಂದು ನಿಂಗೊಂದು ಇರಲ್ಲ."

"ಕಾನೂನು ಬರೆದೋರು ಬಂದು ಕೇಳಲಿ."

ಅತ್ತಿಗೆ ಕುಡಿಯಲು ನೀರು ಕೊಟ್ಟು ಒಳಗೆ ಹೋದರು. ಎರಡು ವರ್ಷದಲ್ಲಿ ಇಬ್ಬರೂ ಹತ್ತು ವರ್ಷದಷ್ಟು ಮುದುಕರಾಗಿದ್ದಾರೆ. ಯಾವುದಕ್ಕೂ ಒಂದು ಮಿತಿ ಬೇಕು. ಜಗತ್ತಿನಲ್ಲಿ ಮಕ್ಕಳನ್ನು ಕಳೆದುಕೊಂಡವರು ಇವರಿಬ್ಬರೇ ಅಲ್ಲ.

ಪರಿಶೀಲನಾ ಟಿಪ್ಪಣಿ: ಸದರಿ ಜಮೀನು ಇಪ್ಪತ್ತೆರಡು ಎಕರೆ. ಪಶ್ಚಿಮದ ತಗ್ಗಿನಲ್ಲಿ ಹಂದಿಗಳ ಹೊರಳುಗುಂಡಿ ಮೂರು. ಪೂರ್ವದ ಮೂಲೆಯಲ್ಲಿ ಒಂದು ಹಿಪ್ಪುನೇರಳೆ ಮರ, ಅದರಡಿ ಮೃತ ಮಗುವಿನ ಸಮಾಧಿ. ಆ ಕಡೆ ಹೋಗಲಿಲ್ಲ. ಬಿಸಿಲಿತ್ತು.

ಮಾರ್ಚ್ ೧೨, ಬುಧವಾರ

ಜೋಳದಮ್ಮನ ದೂರು. ಬಿತ್ತಿದ ಸಾಲನ್ನು ಕೊನೆಯವರೆಗೂ ಮೂತಿಯಲ್ಲಿ ಉತ್ತು, ಒಂದೊಂದೇ ಕಾಳು ಆರಿಸಿಕೊಂಡು ತಿಂದಿವೆಯಂತೆ. "ನನ್ನ ಗಂಡನೂ ಇಷ್ಟು ನೇರ ಉತ್ತಿರಲಿಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. ಎರಡನೇ ಸಲ ಬಿತ್ತುತ್ತಾಳೆ.

ಮಾರ್ಚ್ ೨೧, ಶುಕ್ರವಾರ

ಅತ್ತಿಗೆ ನನ್ನ ಕೋಣೆಗೆ ಬಂದಿದ್ದರು. ಮೊದಲ ಸಲ. ಮೆಟ್ಟಿಲು ಹತ್ತಿ ಉಸಿರು ಬಿಡುತ್ತ ಬಾಗಿಲಲ್ಲೇ ನಿಂತರು. ಕುರ್ಚಿಯ ಮೇಲಿದ್ದ ಕಡತ ಎತ್ತಿಟ್ಟು ಕೂರಿಸಿದೆ.

"ನಿಮ್ಮಣ್ಣ ಹಂದಿಗಳಿಗೆ ಜೋಳ ಹಾಕ್ತಿದ್ದಾರೆ" ಅಂದರು.

ನನಗೆ ಅರ್ಥವಾಗಲಿಲ್ಲ.

"ದಿನಾ ಸಂಜೆ. ಒಂದೂವರೆ ವರ್ಷದಿಂದ. ಪಶ್ಚಿಮದ ತಗ್ಗಲ್ಲಿ. ಇವತ್ತು ಎಷ್ಟು ಬಂದವು, ಯಾವುದು ಬರಲಿಲ್ಲ, ಯಾವುದು ಮರಿ ಹಾಕಿದೆ, ಎಲ್ಲ ಗೊತ್ತು ಅವರಿಗೆ. ನಾನು ಉಂಡ್ನಾ ಬಿಟ್ನಾ ಅನ್ನೋದು ಗೊತ್ತಿಲ್ಲ." ಎದ್ದು ನಿಂತು, "ನನ್ನ ಕೈಲಿ ನಿಲ್ಲಿಸೋಕಾಗಲ್ಲ ಪುಟ್ಟಿ. ನೀನು ಕಾನೂನಿನವಳು" ಅಂದರು.

ಯಾಕೆ ಹಾಕುತ್ತಾನೆ ಅಂತ ಕೇಳಿದೆ.

"ಅವನನ್ನೇ ಕೇಳು" ಅಂದರು. ಗಂಡನನ್ನು ಅವರು ಏಕವಚನದಲ್ಲಿ ಕರೆದದ್ದು ಇವತ್ತೇ ಕೇಳಿದ್ದು.

ಮಾರ್ಚ್ ೨೨, ಶನಿವಾರ

ಕೇಳಿದೆ. ಕೇಳಬಾರದಿತ್ತು.

ಸಂಜೆ ಐದಕ್ಕೆ ಹೋದೆ. ಅಣ್ಣ ನನ್ನನ್ನು ತಡೆಯಲೂ ಇಲ್ಲ, ಕರೆಯಲೂ ಇಲ್ಲ. ಭುಜದ ಮೇಲೆ ಮೂಟೆ, ಕೈಯಲ್ಲಿ ತಗಡಿನ ಡಬ್ಬ. ತಗ್ಗಿನ ಅಂಚಿಗೆ ಹೋಗಿ ಡಬ್ಬಕ್ಕೆ ಮೂರು ಸಲ ಕಡ್ಡಿಯಿಂದ ಬಡಿದ. ಪೊದೆ ಅಲ್ಲಾಡಿತು. ಮೊದಲು ಒಂದು ದೊಡ್ಡ ಹೆಣ್ಣು, ಹಿಂದೆ ಮರಿಗಳ ಸಾಲು, ಆಮೇಲೆ ಎಲ್ಲ ಕಡೆಯಿಂದ. ಇಪ್ಪತ್ತೆಂಟರವರೆಗೆ ಎಣಿಸಿದೆ. ಅವು ಅಣ್ಣನನ್ನು ನೋಡಿ ಬೆದರಲೇ ಇಲ್ಲ.

"ಇದು ಒಂಬತ್ತನೇ ಕಲಂ ಅಣ್ಣ. ಜೈಲಾಗುತ್ತೆ."

"ಗೊತ್ತು."

"ಮತ್ತೆ ಯಾಕೆ?"

ಕಾಳು ಚೆಲ್ಲುತ್ತಲೇ ಹೇಳಿದ. ಸಮಾಧಿಯಾದ ವರ್ಷ ಹಿಪ್ಪುನೇರಳೆ ಹಣ್ಣು ಉದುರಿದಾಗ ಹಂದಿಗಳು ಮರದಡಿ ಬಂದವಂತೆ. ಹಣ್ಣು ಮುಗಿದ ಮೇಲೂ ಹೋಗಲಿಲ್ಲ. ಹೊಸದಾಗಿ ಅಗೆದ ಮಣ್ಣು ಮೆತ್ತಗಿರುತ್ತದಲ್ಲ, ಅದಕ್ಕೇ ಮೂತಿ ಹಾಕಿದವು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಮೊಣಕಾಲುದ್ದ ಗುಂಡಿ. ಬೇಲಿ ಹಾಕಿದ, ಎತ್ತಿ ಬಿಸಾಕಿದವು. ಕಲ್ಲು ಹೇರಿದ, ಉರುಳಿಸಿದವು. ಸಿಮೆಂಟು ಹಾಕೋಣ ಅಂದಾಗ ಅತ್ತಿಗೆ ಕೈ ಹಿಡಿದುಕೊಂಡರಂತೆ: ಬೇಡ, ಅವಳಿಗೆ ಭಾರವಾಗುತ್ತೆ.

"ಅದಕ್ಕೇ ಇಲ್ಲಿ ಹಾಕ್ತೀನಿ. ಇಲ್ಲಿ ಹೊಟ್ಟೆ ತುಂಬಿದ್ರೆ ಆ ಕಡೆ ಹೋಗಲ್ಲ. ಒಂದೂವರೆ ವರ್ಷದಿಂದ ಒಂದು ಹೆಜ್ಜೆ ಇಟ್ಟಿಲ್ಲ ಪುಟ್ಟೀ."

"ಅಣ್ಣ, ಹಾಗಾದ್ರೆ ಅಲ್ಲಿಂದ ತೆಗೆದು ಊರಿನ ಸ್ಮಶಾನದಲ್ಲಿ… ಅಲ್ಲಿ ಸುತ್ತ ಗೋಡೆ ಇದೆ."

ಆಗ ತಿರುಗಿ ನನ್ನ ಮುಖ ನೋಡಿದ. "ಮಲಗಿರೋ ಮಗೂನ ಯಾರಾದ್ರೂ ಎಬ್ಬಿಸ್ತಾರಾ?"

ಕೋಣೆಗೆ ಬಂದು ವರದಿ ಬರೆದೆ. ಒಂದೂವರೆ ಪುಟ. ಸೋಮವಾರ ಕೊಡುತ್ತೇನೆ.

ಮಾರ್ಚ್ ೩೧, ಸೋಮವಾರ

ವರದಿ ಮೇಜಿನ ಡ್ರಾಯರಿನಲ್ಲಿದೆ. ಅದರಲ್ಲಿ ಎರಡು ಕಡೆ ಕಾಗುಣಿತ ತಪ್ಪಿದೆ. ತಿದ್ದಿ ಕೊಡಬೇಕು.

ಏಪ್ರಿಲ್ ೭, ಸೋಮವಾರ

ಜೋಳದಮ್ಮನನ್ನು ಹಂದಿ ತಿವಿದಿದೆ.

ಬೆಳಿಗ್ಗೆ ತನ್ನ ಹೊಲಕ್ಕೆ ನೀರು ತಿರುಗಿಸಲು ಹೋಗಿದ್ದಳು. ಅಣ್ಣನ ಬೇಲಿ ಪಕ್ಕ, ತಗ್ಗಿನ ಕಡೆ. ಮರಿಗಳಿದ್ದ ಹೆಣ್ಣು. ಬಲಗಾಲಿನ ಮೀನಖಂಡ ಹರಿದು ಮೂಳೆ ಮುರಿದಿದೆ. ಒಂದು ಗಂಟೆ ಹೊತ್ತು ಕಾಲುವೆಯಲ್ಲೇ ಬಿದ್ದಿದ್ದಳಂತೆ. ಮೊದಲು ಕೂಗು ಕೇಳಿ ಓಡಿಬಂದವನು ಅಣ್ಣನೇ. ಅಂಗಿ ಹರಿದು ಕಾಲು ಬಿಗಿದು, ಹೊತ್ತುಕೊಂಡು ರಸ್ತೆಯವರೆಗೆ ಬಂದಿದ್ದಾನೆ.

ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದ. ಮೈಯೆಲ್ಲ ರಕ್ತ. ನನ್ನನ್ನು ಕಂಡು, "ಅದು ನಮ್ಮ ಹೆಣ್ಣೇ" ಅಂದ. ನಮ್ಮ ಅಂದ.

ಹದಿನಾರು ದಿನ ಆಯಿತು ಆ ಕಾಗದ ಡ್ರಾಯರಿಗೆ ಬಿದ್ದು.

ಏಪ್ರಿಲ್ ೮, ಮಂಗಳವಾರ

ವರದಿ ಕೊಟ್ಟೆ. ಮೇಲಿನ ತಾರೀಖು ತಿದ್ದಲಿಲ್ಲ. ಮೇಲಧಿಕಾರಿ ಅದನ್ನೇ ಮೊದಲು ನೋಡಿದರು.

"ಮಾರ್ಚ್ ಇಪ್ಪತ್ತೆರಡಾ? ಇಷ್ಟು ದಿನ ಎಲ್ಲಿತ್ತಮ್ಮ ಇದು?"

"ನನ್ನ ಹತ್ರ ಸಾರ್."

"ಯಾಕೆ?"

"ನಮ್ಮಣ್ಣ ಸಾರ್."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯ್ತಲ್ಲಮ್ಮ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬೇಸರದಲ್ಲಿ ಅಂದರು. ನನ್ನ ಮೇಲೂ ವಿಚಾರಣೆ ಆಗುತ್ತದೆ. ಆಗಲಿ.

ಏಪ್ರಿಲ್ ೯, ಬುಧವಾರ

ನೋಟೀಸು ಬೇರೆಯವರ ಕೈಲಿ ಕಳಿಸುತ್ತೇನೆ ಅಂದರು. ನಾನೇ ಹೋಗುತ್ತೇನೆ ಅಂದೆ. ಮೇವು ಹಾಕುವುದು ಈ ಕ್ಷಣದಿಂದ ನಿಲ್ಲಬೇಕು, ನಲವತ್ತೆಂಟು ಗಂಟೆಯ ನಂತರ ಇಲಾಖೆ ಒಳಗೆ ಬರುತ್ತದೆ.

ಅಣ್ಣ ಓದಿದ. ಕೆಳಗೆ ನನ್ನ ಸಹಿಯ ಮೇಲೆ ಬೆರಳಿಟ್ಟ.

"ನೀನು ಅವಳ ಅತ್ತೆ ಅಲ್ವೇನೇ?"

ಪೆನ್ನು ಮುಂದೆ ಹಿಡಿದೆ. ಸಹಿ ಹಾಕಿದ. ಡಬ್ಬ ತಂದು ನನ್ನ ಕಾಲ ಬಳಿ ಇಟ್ಟು ಒಳಗೆ ಹೋದ.

ಏಪ್ರಿಲ್ ೧೨, ಶನಿವಾರ

ಅಣ್ಣ ಹೇಳಿದ್ದು ನಿಜ. ಮೂರೇ ದಿನ ಸಾಕಾಯಿತು.

ಹಂದಿ ಹಿಡಿಯಲು ಇಲಾಖೆ ಗೊತ್ತು ಮಾಡಿದ ಬೋನಿನವನು ಸೋಮವಾರ ಬರುತ್ತೇನೆ ಅಂದಿದ್ದ. ಬೆಳಿಗ್ಗೆ ಆರೂವರೆಗೆ ಅತ್ತಿಗೆಯ ಫೋನು. ಬಾ ಅಂದರು, ಅಷ್ಟೇ. ಪೂರ್ವದ ಮೂಲೆಗೆ ಓಡಿದೆ. ಕಲ್ಲುಗಳು ದಿಕ್ಕಾಪಾಲಾಗಿದ್ದವು. ಮರದ ಬೇರು ಕಾಣುವಷ್ಟು ಅಗೆದಿದ್ದವು. ಅಣ್ಣ ಗುಂಡಿಯೊಳಗೆ ಕೂತಿದ್ದ. ಎರಡೂ ಕೈ ನೆಲಕ್ಕೆ ಊರಿ, ತೊಟ್ಟಿಲಿನ ಪಕ್ಕ ಬಗ್ಗಿದವರ ಹಾಗೆ. ಪೆಟ್ಟಿಗೆಯವರೆಗೆ ಹೋಗಿರಲಿಲ್ಲ. ಇನ್ನೊಂದು ಗೇಣು ಉಳಿದಿತ್ತು ಅಂದ.

ಗುದ್ದಲಿ ಬೇಡ ಅಂದ. ಮೂವರೂ ಕೈಯಲ್ಲೇ ಮಣ್ಣು ತುಂಬಿದೆವು. ಮಧ್ಯಾಹ್ನ ಆಯಿತು. ಅತ್ತಿಗೆ ಹೆಂಟೆ ಪುಡಿ ಮಾಡಿ ಮಾಡಿ ಹಾಕುತ್ತಿದ್ದರು, ಒಂದು ಕಲ್ಲಿನ ಚೂರೂ ಉಳಿಯದ ಹಾಗೆ. ಬುಗುರಿಗೆ ಹಾಸಿಗೆಯಲ್ಲಿ ಒಂದು ಎಳೆ ದಾರ ಇದ್ದರೂ ನಿದ್ದೆ ಬರುತ್ತಿರಲಿಲ್ಲ. ಒಂದು ಕಡೆ ನಿಂತವಳಲ್ಲ, ಅದಕ್ಕೇ ಬುಗುರಿ. ಆ ಜ್ವರದ ನಾಲ್ಕು ದಿನ ಬಿಟ್ಟರೆ ಒಂಬತ್ತು ವರ್ಷದಲ್ಲಿ ಅವಳು ಸುಮ್ಮನೆ ಮಲಗಿದ್ದನ್ನು ನಾನು ನೋಡಿಲ್ಲ.

ಈ ಮರದಡಿಗೆ ಬಂದದ್ದು ಮಣ್ಣು ಮಾಡಿದ ದಿನ ಬಿಟ್ಟರೆ ಇವತ್ತೇ. ಮರುದಿನವೇ ಆಫೀಸಿಗೆ ಹೋಗಿದ್ದೆ. ಕೆಲಸವಿತ್ತು.

ಏಪ್ರಿಲ್ ೧೩, ಭಾನುವಾರ

ಮೂವರೂ ಸರದಿಯಲ್ಲಿ ಕಾದೆವು. ಹಂದಿ ಬರಲಿಲ್ಲ. ಮಾತೂ ಬರಲಿಲ್ಲ.

ಏಪ್ರಿಲ್ ೧೪, ಸೋಮವಾರ

ಬೋನಿನವನು ತಗ್ಗನ್ನೆಲ್ಲ ಸುತ್ತಿ ಬಂದು ಅಣ್ಣನ ಮುಂದೆ ಕುಕ್ಕರಗಾಲಲ್ಲಿ ಕೂತ. ಐವತ್ತರ ಆಸುಪಾಸು, ಮೆತ್ತಗೆ ಮಾತಾಡುವ ಮನುಷ್ಯ.

"ಯಜಮಾನ್ರೇ, ಸುತ್ತ ಕಂಬಿ ನೆಟ್ಟು ದೊಡ್ಡಿ ಮಾಡ್ತೀನಿ. ಒಂದು ಬಾಗಿಲು. ಆದ್ರೆ ಗುಂಪು ಪೂರ್ತಿ ಒಳಗೆ ಬರಬೇಕು. ನಾಲ್ಕು ಸಿಕ್ಕಿ ಉಳಿದದ್ದು ಓಡಿದ್ರೆ, ಈ ಜನ್ಮದಲ್ಲಿ ಮತ್ತೆ ಬೋನಿಗೆ ಬರಲ್ಲ. ಆಮೇಲೆ ಎಲ್ಲಿ ಅಗೀತಾವೋ ದೇವರೇ ಬಲ್ಲ. ನನ್ನ ಕೈಲಿ ಬೇಕಾದ್ರೆ ಮೂರು ತಿಂಗಳು. ನಿಮ್ಮ ಕೈಲಿ ಆದ್ರೆ ಹದಿನೈದು ದಿನ. ನಿಮ್ಮನ್ನ ನಂಬ್ತಾವೆ."

ಅಣ್ಣ ಬಹಳ ಹೊತ್ತು ಅವನ ಬೂಟನ್ನೇ ನೋಡುತ್ತಿದ್ದ. ಆಮೇಲೆ ನನ್ನ ಕಡೆ ಕೈ ಚಾಚಿದ. "ಆ ಡಬ್ಬ ಕೊಡು."

ಬೋನಿನೊಳಗೆ ಮೇವು ಹಾಕಲು ಹನ್ನೊಂದನೇ ಕಲಮಿನಲ್ಲಿ ಅನುಮತಿಯಿದೆ. ಅರ್ಜಿ ನಾನೇ ತುಂಬಿದೆ. ಅದೇ ಜೋಳ, ಅದೇ ಡಬ್ಬ, ಅದೇ ಮನುಷ್ಯ. ಮೊನ್ನೆ ಅಪರಾಧ, ಇವತ್ತು ಅನುಮತಿ. ಇಷ್ಟು ವರ್ಷ ಈ ಕೆಲಸ ಮಾಡಿ ಇದನ್ನು ಯಾರಿಗೆ ಹೇಗೆ ವಿವರಿಸಬೇಕು ಅಂತ ನನಗೆ ಗೊತ್ತಿಲ್ಲ.

ಏಪ್ರಿಲ್ ೨೪, ಗುರುವಾರ

ಜೋಳದಮ್ಮನ ಕಾಲು ಉಳಿಯಲಿಲ್ಲ. ಮೊಣಕಾಲಿನ ಕೆಳಗೆ ತೆಗೆದಿದ್ದಾರೆ.

ದಿನಾ ಬೆಳಿಗ್ಗೆ ಆಫೀಸಿಗೆ ಮುಂಚೆ ಮರದ ಹತ್ತಿರ ಹೋಗಿ ಬರುತ್ತೇನೆ. ಅಣ್ಣ ತಗ್ಗಿನ ಕಡೆ ಇರುವುದರಿಂದ ಇಲ್ಲಿ ಯಾರಾದರೂ ಇರಬೇಕಲ್ಲ. ಅಲ್ಲಿ ಕೂತು ಬುಗುರಿಯ ಹತ್ತಿರ ಜೋಳದಮ್ಮನ ವಿಷಯ ಹೇಳಿದೆ.

ಮೇ ೩, ಶನಿವಾರ

ಬೆಳಗಿನ ಬೆಳಕು ಹರಿಯುವ ಹೊತ್ತು. ಮೂವತ್ಮೂರು. ಪೂರ್ತಿ ಗುಂಪು.

ಬಾಗಿಲಿನ ಹಗ್ಗ ಬೋನಿನವನ ಕೈಯಲ್ಲಿತ್ತು. ಅಣ್ಣ ಹೋಗಿ ಇಸಿದುಕೊಂಡ.

"ಬೇಡ ಯಜಮಾನ್ರೇ, ಇದು ನನ್ನ ಕೆಲಸ."

"ನಿನ್ನನ್ನ ನಂಬಿ ಬಂದಿಲ್ಲ ಅವು."

ಎಳೆದ. ಬಾಗಿಲು ಬಿದ್ದ ಸದ್ದಿಗೆ ಎಲ್ಲ ಒಮ್ಮೆಗೇ ಕಿರುಚಿದವು. ಕಂಬಿಗೆ ಢಿಕ್ಕಿ ಹೊಡೆದವು. ಆಮೇಲೆ ಆ ದೊಡ್ಡ ಹೆಣ್ಣು, ಜೋಳದಮ್ಮನ ಕಾಲು ಹರಿದದ್ದು, ಅಣ್ಣ ನಿಂತ ಕಡೆಗೆ ಬಂದು ಕಂಬಿಯ ನಡುವೆ ಮೂತಿ ತೂರಿಸಿ ಕಾಳಿಗೆ ಕಾಯುವ ಹಾಗೆ ನಿಂತಿತು. ಅಣ್ಣ ಜೇಬಿನಲ್ಲಿದ್ದ ಒಂದು ಹಿಡಿ ಹಾಕಿದ. ತಿಂತು.

ಗುಂಡಿನ ಸದ್ದಿಗೆ ಮುಂಚೆ ಅವನನ್ನು ಕರೆದುಕೊಂಡು ಹೋಗಬೇಕೆಂದಿದ್ದೆ. ಬರಲಿಲ್ಲ. ಕೊನೆಯವರೆಗೂ ನಿಂತ. ನಾನೂ ನಿಂತೆ. ಈ ಕಾಯ್ದೆಯ ಕರಡು ಬಂದಾಗ 'ಮಾನವೀಯ ವಿಧಾನದಲ್ಲಿ ನಿವಾರಣೆ' ಎಂಬ ಸಾಲನ್ನು ತಿದ್ದಿ ಅಂದವಾಗಿ ಬರೆದುಕೊಟ್ಟವಳು ನಾನೇ. ಬೋನಿನವನು ಒಳ್ಳೆಯವನು, ಬೇಗ ಮುಗಿಸಿದ. ಆದರೂ ಮರಿಗಳ ಸರದಿ ಕೊನೆಗೆ ಬಂತು.

ಮೇ ೧೦, ಶನಿವಾರ

ಜೋಳದಮ್ಮ ಮನೆಗೆ ಬಂದಿದ್ದಾಳೆ. ಅಣ್ಣ ಹೋಗುತ್ತೇನೆ ಅಂದಾಗ ಅತ್ತಿಗೆ ನನ್ನನ್ನೂ ಜೊತೆಗೆ ಕಳಿಸಿದರು. ದಾರಿಯಲ್ಲಿ ಅಣ್ಣ ನನ್ನ ಜೊತೆ ಮಾತಾಡಲಿಲ್ಲ. ಏಪ್ರಿಲ್ ಒಂಬತ್ತರಿಂದ, ಗುಂಡಿಯ ಹತ್ತಿರ ಆಡಿದ ಎರಡು ಮಾತು, ಡಬ್ಬ ಕೊಡು ಅಂದದ್ದು ಬಿಟ್ಟರೆ ಬೇರೆ ಮಾತಿಲ್ಲ.

ಕಿಟಕಿ ಪಕ್ಕ ಹಾಸಿಗೆ. ಹೊದಿಕೆ ಒಂದು ಕಡೆ ಚಪ್ಪಟೆಯಾಗಿತ್ತು. ಅಣ್ಣ ಬಾಗಿಲ ಬಳಿ ನೆಲದ ಮೇಲೆ ಕೂತು ಎಲ್ಲ ಹೇಳಿದ, ಒಂದೂ ಬಿಡದೆ. ಅವನದಾದ ಮೇಲೆ ನನ್ನ ಡ್ರಾಯರಿನ ವಿಷಯ ನಾನು ಹೇಳಿದೆ.

ಅವಳು ಕಿಟಕಿಯ ಆಚೆ ತನ್ನ ಹೊಲ ನೋಡಿದಳು.

"ಆ ಜೋಳ ನನ್ನ ಹತ್ರಾನೇ ತಗೊಂಡು ಹೋಗ್ತಿದ್ದೆ. ಕೋಳಿ ಸಾಕಿದ್ದೀಯ ಅಂದ್ಕೊಂಡಿದ್ದೆ" ಅಂದಳು.

ಅಣ್ಣ ತಲೆ ತಗ್ಗಿಸಿದ.

"ಮಗೂಗೋಸ್ಕರ ಮಾಡ್ದೆ. ಅದು ಅರ್ಥ ಆಗುತ್ತೆ, ನಾನೂ ಹೆತ್ತವಳು. ಕಾಲು ಹೋಯ್ತು, ಹೋಗಲಿ, ವಯಸ್ಸಾದ ಕಾಲು. ಆದ್ರೆ ಒಂದು ಮಾತು ಹೇಳಬಾರದಿತ್ತೇನೋ ನಂಗೆ? ಹಿಂಗಾಗಿದೆ ಕಣಮ್ಮ ಅಂತ ಒಂದೇ ಒಂದು ಮಾತು? ಸುತ್ತ ಹತ್ತು ಮನೆ ಇದೆ. ದಿನಕ್ಕೊಬ್ರು ಅಂತ ಬಂದು ಕಾವಲು ಕೂತಿರ್ತಿದ್ವಿ. ಆ ಹುಡುಗಿ ನನ್ನ ತೆನೆ ಕದ್ದು ತಿಂದ ಹುಡುಗಿ ಕಣೋ. ನಾನು ಕೂರ್ತಿರಲಿಲ್ವಾ?"

ಆಮೇಲೆ ಮುಖ ಗೋಡೆಗೆ ತಿರುಗಿಸಿದಳು. "ಅದೊಂದನ್ನ ಕ್ಷಮಿಸೋಕಾಗ್ತಿಲ್ಲ. ಹೋಗಿ ಈಗ."

ಹೊರಗೆ ಬಂದ ಮೇಲೆ ಅಣ್ಣ ಅವಳ ಜಗಲಿಗೆ ಒರಗಿ ನಿಂತ. ನಾನು ಕೈ ಹಿಡಿಯಲು ಹೋದೆ. ಬಿಡಿಸಿಕೊಳ್ಳಲಿಲ್ಲ. ಹಿಡಿಯಲೂ ಇಲ್ಲ.

ಮೇ ೧೯, ಸೋಮವಾರ

ಆದೇಶವನ್ನು ಮೊದಲು ಬರೆದುಬಿಡುತ್ತೇನೆ. ಅಣ್ಣನಿಗೆ ಜೈಲಿಲ್ಲ; ದಂಡ, ಮತ್ತು ಮೂರು ವರ್ಷ ಜಮೀನು ಇಲಾಖೆಯ ನಿಗಾದಲ್ಲಿ. ಜೋಳದಮ್ಮನ ಹೊಲವನ್ನು ಅಷ್ಟೂ ವರ್ಷ ತಾನೇ ಉತ್ತು ಬಿತ್ತಿ ಕೊಡುತ್ತೇನೆಂದು ಅಣ್ಣ ಬರೆದುಕೊಟ್ಟ. ಅವಳು ಬೇಡ ಅನ್ನಲಿಲ್ಲವಂತೆ. ನನಗೆ ಒಂದು ದರ್ಜೆ ಕೆಳಗೆ, ದೂರದ ಕಚೇರಿಗೆ ವರ್ಗ. ಜುಲೈ ಒಂದಕ್ಕೆ ಸೇರಬೇಕು.

ವಿಚಾರಣೆ ಮೇಲಿನ ಕೋಣೆಯಲ್ಲಿ. ಉದ್ದ ಮೇಜು, ಐದು ಕುರ್ಚಿ, ಕಟಕಟ ಅನ್ನುವ ಫ್ಯಾನು. ವಿಚಾರಣಾಧಿಕಾರಿ ಹೊಸಬರು, ಕಿರಿಯ ವಯಸ್ಸು, ನಮ್ಮ ಯಾರ ಪರಿಚಯವೂ ಇಲ್ಲ. ಅಣ್ಣ, ಅತ್ತಿಗೆ ಒಂದು ಪಕ್ಕ. ಕಡತ ನನ್ನದೇ ಆದ್ದರಿಂದ ನಾನೇ ಓದಬೇಕಿತ್ತು. ಸರ್ವೆ ನಂಬರು, ವಿಸ್ತೀರ್ಣ, ಕಲಮುಗಳು, ಹಿಡಿದ ಪ್ರಾಣಿಗಳ ಸಂಖ್ಯೆ, ಎಲ್ಲ ಸರಾಗವಾಗಿ ಓದಿದೆ. ಕೊನೆಗೆ ಜಮೀನಿನ ಒಡೆಯರ ಹೇಳಿಕೆ. ನಿನ್ನೆ ಅಣ್ಣ ತುಂಬಿ ಕೊಟ್ಟಿದ್ದ ನಮೂನೆ. ನಾನು ಮೊದಲು ಓದಿ ನೋಡಿರಲಿಲ್ಲ.

"ಮೇವು ಹಾಕಿದ್ದಕ್ಕೆ ಕಾರಣ" ಅಂತ ಓದಿದೆ. ಆ ಜಾಗದಲ್ಲಿ ಆರು ಗೆರೆ ಬಿಟ್ಟಿದೆ ನಮ್ಮ ನಮೂನೆಯಲ್ಲಿ. ಅಣ್ಣ ಎರಡೇ ಶಬ್ದ ಬರೆದಿದ್ದ.

"ಮಗಳು ಅಲ್ಲಿದ್ದಾಳೆ."

ಅಧಿಕಾರಿ ತಲೆ ಎತ್ತಿದರು. "ಅಲ್ಲಿ ಅಂದ್ರೆ? ಆ ಜಮೀನಿನಲ್ಲೇ ವಾಸವಾ? ಮಗಳ ವಯಸ್ಸೆಷ್ಟು? ಹೇಳಿಕೆ ಪೂರ್ತಿ ಇಲ್ವಲ್ಲಮ್ಮ ಇದು."

ಅವರ ತಪ್ಪಿಲ್ಲ. ಅವರಿಗೆ ಗೊತ್ತಿರಲಿಲ್ಲ. ವಿವರಣೆ ಕೊಡುವುದು ನನ್ನ ಕೆಲಸ. ಸಾರ್, ಸದರಿ ಮಗು ಎರಡು ವರ್ಷ ಮೂರು ತಿಂಗಳ ಹಿಂದೆ, ಅಂತ ಶುರು ಮಾಡಿದೆ. ಆಮೇಲಿನ ಶಬ್ದ ಗೊತ್ತಿತ್ತು. ಎಷ್ಟೋ ಕಡತದಲ್ಲಿ ಬರೆದ ಶಬ್ದ. ಬರಲಿಲ್ಲ. ಮತ್ತೆ ಶುರು ಮಾಡಿದೆ. "ನಮ್ಮ ಬುಗುರಿ ಸಾರ್" ಅಂದೆ. ಅಷ್ಟಕ್ಕೇ ನಿಂತಿತು. ಕಡತವನ್ನು ಎದೆಗೆ ಅವುಚಿಕೊಂಡು ನಿಂತೆ. ಮುಖ ಮುಚ್ಚಿಕೊಳ್ಳಲು ಕೈ ಖಾಲಿಯಿರಲಿಲ್ಲ. ಬಾಯಿಂದ ಎಂಥದೋ ದನಿ ಹೊರಟಿತು, ನನ್ನದು ಅಂತ ನನಗೇ ಗೊತ್ತಾಗಲಿಲ್ಲ. ಅಧಿಕಾರಿ ಗಾಬರಿಯಾಗಿ ಎದ್ದರು. "ಏನಾಯ್ತಮ್ಮ? ಯಾರಾದ್ರೂ ಬೇರೆಯವರು ಓದ್ತೀರಾ?" ಅಂದರು.

ಅಣ್ಣ ಎದ್ದು ನಿಂತ.

"ಸ್ವಲ್ಪ ಬಿಡಿ ಸಾರ್" ಅಂದ. "ಅತ್ತುಕೊಳ್ಳಲಿ. ಮಗು ಹೋದಾಗಿಂದ ಅತ್ತಿಲ್ಲ ಇವಳು."